ಫೌಜದಾರಿಕೆಯಿಂದ ಗೃಹಖಾತೆಗೆ: ಸುಶೀಲಕುಮಾರ ಶಿಂಧೆಯವರ ಸಾರ್ವಜನಿಕ ಜೀವನ ಕಲಿಸುವ ಪಾಠ

2024ರ ಸೆಪ್ಟೆಂಬರ್ ತಿಂಗಳಿನಲ್ಲಿ ದೆಹಲಿಯಲ್ಲಿ ಒಂದು ಆತ್ಮಕಥನದ ಬಿಡುಗಡೆ ಸಮಾರಂಭ ನಡೆಯಿತು. ಕೃತಿಕಾರರು ಕೇಂದ್ರದ ಮಾಜಿ ಗೃಹಸಚಿವರಾದ ಶ್ರೀ ಸುಶೀಲಕುಮಾರ ಶಿಂಧೆಯವರು. ಸಚಿವರಾಗಿದ್ದಾಗ ಶ್ರೀನಗರದ ಲಾಲ್ ಚೌಕ್‌ಗೂ ದಾಲ್ ಸರೋವರಕ್ಕೂ ಹೋಗಿಬಂದ ಪ್ರಸಂಗವನ್ನು ಅವರು ಅಲ್ಲಿ ನೆನೆದರು. ಒಳ್ಳೆಯ ಗೃಹಸಚಿವರೆಂಬ ಹೆಸರು ಆಗ ಬಂದಿತಾದರೂ ಒಳಗೊಳಗೇ ತಾವು ಹೆದರಿದ್ದುದಾಗಿ ನಗುತ್ತಲೇ ಒಪ್ಪಿಕೊಂಡರು. ಸಭೆಯೂ ನಕ್ಕಿತು. ಬಳಿಕ ಆ ಮಾತು ರಾಜಕೀಯ ಪಕ್ಷಗಳ ವಾಗ್ವಾದಕ್ಕೆ ವಸ್ತುವಾಯಿತು. ಆದರೆ ಅದನ್ನು ಬೇರೊಂದು ಬಗೆಯಲ್ಲಿಯೂ ಕೇಳಿಸಿಕೊಳ್ಳಬಹುದು. ಪೊಲೀಸ್ ಸೇವೆಯಿಂದ ಬಂದ ಒಬ್ಬರು ತಮ್ಮ ಭಯವನ್ನು ಬಾಯಿಬಿಟ್ಟು ಹೇಳಲು ವಯಸ್ಸು ಎಂಬತ್ತು ದಾಟಬೇಕಾಯಿತು. ಗಲಭೆಯ ಬೀದಿಯಲ್ಲಿ ಲಾಠಿ ಹಿಡಿದು ನಿಲ್ಲುವ ಪೇದೆಗೆ ಆ ಅವಕಾಶ ಎಂದಿಗೂ ದೊರೆಯುವುದಿಲ್ಲ.

ಠಾಣೆಯ ಮೆಟ್ಟಿಲಿನಿಂದ ದೇಶದ ಗೃಹಖಾತೆಯವರೆಗೆ ಏರಿದವರು ನಮ್ಮಲ್ಲಿ ಅತಿ ವಿರಳ. ಆ ಏರಿಕೆಯಿಂದ ಠಾಣೆಗೆ ಏನು ಲಭಿಸಿತು ಎಂಬ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸುವುದು ಉಚಿತವೆನಿಸುತ್ತದೆ.

ಶಿಂಧೆಯವರು ಹುಟ್ಟಿದ್ದು 1941ರ ಸೆಪ್ಟೆಂಬರ್ 4ರಂದು, ಶಿವಯೋಗಿ ಸಿದ್ಧರಾಮೇಶ್ವರರ ಕಾಯಕಭೂಮಿಯಾದ ಸೊಲ್ಲಾಪುರದಲ್ಲಿ. ದಲಿತ ಕುಟುಂಬ, ಬಡತನದ ಬಾಲ್ಯ. ಅಲ್ಲಿನ ನ್ಯಾಯಾಲಯದಲ್ಲಿ ಕೆಳಹಂತದ ನೌಕರರಾಗಿ ದುಡಿಯುತ್ತಲೇ ಓದನ್ನು ಮುಂದುವರಿಸಿದರು. ಅನಂತರ ಮಹಾರಾಷ್ಟ್ರ ಪೊಲೀಸ್ ಇಲಾಖೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆದರು. ನಮ್ಮ ಉತ್ತರ ಕರ್ನಾಟಕದ ಜನ ‘ಫೌಜದಾರ’ ಎಂದು ಕರೆಯುವ ಹುದ್ದೆಯಿದು. ರಾಜ್ಯದ ಅಪರಾಧ ತನಿಖಾ ವಿಭಾಗದಲ್ಲಿ ಸೇವೆ ಸಲ್ಲಿಸಿ, 1971ರಲ್ಲಿ ಆ ಕೆಲಸಕ್ಕೆ ರಾಜೀನಾಮೆಯಿತ್ತು ಕಾಂಗ್ರೆಸ್ ಪಕ್ಷವನ್ನು ಸೇರಿದರು. ಅವರನ್ನು ರಾಜಕಾರಣಕ್ಕೆ ಕರೆತಂದವರು ಶ್ರೀ ಶರದ್ ಪವಾರ್. 1974ರಲ್ಲಿ ಕರಮಾಳಾ ಕ್ಷೇತ್ರದ ಉಪಚುನಾವಣೆಯಲ್ಲಿ ಗೆದ್ದು ವಿಧಾನಸಭೆಯನ್ನು ಪ್ರವೇಶಿಸಿದರು.

ಮುಂದಿನ ದಾರಿ ಬಹುಮಟ್ಟಿಗೆ ಏರುದಾರಿಯೇ. ಮಹಾರಾಷ್ಟ್ರದ ಹಣಕಾಸು ಸಚಿವರಾಗಿ ಒಂಬತ್ತು ಆಯವ್ಯಯಗಳನ್ನು ಮಂಡಿಸಿದರು. 2002ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ಸ್ಪರ್ಧಿಸಿ ಶ್ರೀ ಭೈರೋನ್ ಸಿಂಗ್ ಶೇಖಾವತರೆದುರು ಸೋತರು. 2003ರ ಜನವರಿಯಲ್ಲಿ ಮಹಾರಾಷ್ಟ್ರದ ಮೊದಲ ದಲಿತ ಮುಖ್ಯಮಂತ್ರಿಯಾದರು. ಬಳಿಕ ಆಂಧ್ರಪ್ರದೇಶದ ರಾಜ್ಯಪಾಲರಾಗಿ, 2006ರಿಂದ ಕೇಂದ್ರದ ಇಂಧನ ಸಚಿವರಾಗಿ ಕಾರ್ಯ ನಿರ್ವಹಿಸಿದರು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿಯಿತು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಕುಸಿದು ಅರವತ್ತು ಕೋಟಿಗೂ ಮಿಕ್ಕಿ ಜನ ತೊಂದರೆಗೊಳಗಾದರು. ಅದೇ ಜುಲೈ 31ರಂದು ಅವರು ದೇಶದ ಗೃಹಸಚಿವರೆಂದು ನಿಯುಕ್ತರಾದರು. ಮರುದಿನ ಸಂಜೆಯೇ ಪುಣೆಯಲ್ಲಿ ಸರಣಿ ಸ್ಫೋಟಗಳಾದವು.

ಗೃಹಖಾತೆಯನ್ನು ವಹಿಸಿಕೊಂಡವರಲ್ಲಿ ವಕೀಲರು ಹಲವರಿದ್ದರು. ಮೊದಲ ಗೃಹಸಚಿವ ಸರ್ದಾರ್ ಪಟೇಲರೂ, ಶಿಂಧೆಯವರಿಗಿಂತ ಹಿಂದಿನ ಸಚಿವ ಶ್ರೀ ಚಿದಂಬರಂ ಅವರೂ ವಕೀಲರೇ. ನ್ಯಾಯಾಲಯದ ಕಡೆಯಿಂದ ಕಾನೂನನ್ನು ನೋಡಿದವರಿಗೂ ಠಾಣೆಯ ಮೇಜಿನ ಹಿಂದೆ ಕುಳಿತು ನೋಡಿದವರಿಗೂ ದೃಷ್ಟಿಯಲ್ಲಿ ಅಂತರವಿರುತ್ತದೆ. ದೂರು ಹೊತ್ತು ಬಂದ ಬಡವನನ್ನು ಬರಿಗೈಯಲ್ಲಿ ಹೇಗೆ ಹಿಂದಿರುಗಿಸಲಾಗುತ್ತದೆ, ಮೇಲಿನಿಂದ ಬರುವ ದೂರವಾಣಿ ಕರೆ ತನಿಖೆಯನ್ನು ಹೇಗೆ ತಿರುಗಿಸುತ್ತದೆ, ಅಪ್ರಿಯನಾದ ಅಧಿಕಾರಿಗೆ ವರ್ಗಾವಣೆ ಹೇಗೆ ಶಿಕ್ಷೆಯಾಗುತ್ತದೆ ಎಂಬುದನ್ನು ಫೌಜದಾರನಾಗಿದ್ದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕಾರಣದಿಂದಲೇ ಶಿಂಧೆಯವರ ಅಧಿಕಾರಾವಧಿಯ ಬಗ್ಗೆ ವಿಶೇಷ ನಿರೀಕ್ಷೆಯಿದ್ದರೆ ಅದು ಸಹಜವೇ ಆಗಿತ್ತು.

ಆ ನಿರೀಕ್ಷೆಯ ಪರೀಕ್ಷೆ ಬೇಗನೆ ಎದುರಾಯಿತು. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯಲ್ಲಿ ಚಲಿಸುವ ಬಸ್ಸಿನೊಳಗೆ ಯುವತಿಯೊಬ್ಬಳ ಮೇಲೆ ಘೋರ ಅತ್ಯಾಚಾರ ನಡೆಯಿತು. ದೆಹಲಿಯ ಪೊಲೀಸರು ಕೇಂದ್ರ ಗೃಹಸಚಿವಾಲಯದ ಅಧೀನದಲ್ಲಿರುವವರು. ಆದ್ದರಿಂದ ಹೊಣೆಯನ್ನು ಬೇರೆ ಸರಕಾರದ ಮೇಲೆ ಹೊರಿಸುವಂತಿರಲಿಲ್ಲ. ಸಾವಿರಾರು ತರುಣ ತರುಣಿಯರು ಇಂಡಿಯಾ ಗೇಟ್ ಬಳಿ ನೆರೆದಾಗ ಅವರಿಗೆ ಎದುರಾದದ್ದು ಜಲಫಿರಂಗಿ, ಅಶ್ರುವಾಯು ಮತ್ತು ಲಾಠಿ. ಸಚಿವರೇಕೆ ಅಲ್ಲಿಗೆ ಹೋಗಲಿಲ್ಲ ಎಂದು ಕೇಳಿದಾಗ, ನಾಳೆ ಮಾವೋವಾದಿಗಳು ಶಸ್ತ್ರ ಹಿಡಿದು ಬಂದು ಪ್ರತಿಭಟಿಸಿದರೂ ಸರಕಾರ ಹೋಗಬೇಕೇ ಎಂಬ ಅರ್ಥದ ಉತ್ತರವನ್ನು ಶಿಂಧೆಯವರು ಕೊಟ್ಟರು. ಅದು ಬಂದೋಬಸ್ತಿನ ಭಾಷೆ. ಮಕ್ಕಳ ಸಂಕಟಕ್ಕೆ ಓಗೊಡುವ ಹಿರಿಯರ ಭಾಷೆಯಲ್ಲ. ಅದೇ ಬಂದೋಬಸ್ತಿನ ಕರ್ತವ್ಯದಲ್ಲಿ ಕುಸಿದುಬಿದ್ದ ಪೇದೆಯೊಬ್ಬರು ಎರಡು ದಿನಗಳ ತರುವಾಯ ತೀರಿಕೊಂಡರು. ಬೇಲಿಯ ಆಚೆಗಿದ್ದವರೂ ಈಚೆಗಿದ್ದವರೂ ಅಂದು ನೊಂದವರೇ.

ಆ ನೋವಿನಿಂದ ಒಂದು ಸುಯೋಗವೂ ಒದಗಿಬಂದಿತ್ತು. ಸರಕಾರ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯು ಸುಮಾರು ಎಂಬತ್ತು ಸಾವಿರ ಸಲಹೆಗಳನ್ನು ಪಡೆದು, 2013ರ ಜನವರಿ 23ರಂದು, ಒಂದು ತಿಂಗಳ ಗಡುವಿನೊಳಗೇ ವರದಿಯನ್ನೊಪ್ಪಿಸಿತು. ಅದರ ಒಂದು ಭಾಗ ದಂಡಸಂಹಿತೆಯ ತಿದ್ದುಪಡಿಗೆ ಸಂಬಂಧಿಸಿದ್ದು. ಅದನ್ನು ಸರಕಾರ ಬಹುಬೇಗ ಕೈಗೆತ್ತಿಕೊಂಡಿತು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ, ಏಪ್ರಿಲ್ ಹೊತ್ತಿಗೆ ಕಾಯ್ದೆ ಬಂದವು. ಮಹಿಳೆಯ ಮೇಲಿನ ಗಂಭೀರ ಅಪರಾಧಗಳ ದೂರನ್ನು ದಾಖಲಿಸದ ಪೊಲೀಸ್ ಅಧಿಕಾರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ ಸಜೆ ಎಂಬ ನಿಯಮ ಜಾರಿಯಾದದ್ದು ಆಗಲೇ. 2024ರ ಜುಲೈ 1ರಿಂದ ಆಚರಣೆಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಉಳಿದುಕೊಂಡಿದೆ. ಶಿಂಧೆಯವರ ಅವಧಿಯ ಈ ಸಾಧನೆಯನ್ನು ಮರೆಯಲಾಗದು.

ವರದಿಯ ಇನ್ನೊಂದು ಭಾಗ ಪೊಲೀಸ್ ಸುಧಾರಣೆಗೆ ಮೀಸಲಾಗಿತ್ತು. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರ ಸೆಪ್ಟೆಂಬರ್ 22ರಂದು ನೀಡಿದ ಏಳು ನಿರ್ದೇಶನಗಳನ್ನು ಪಾಲಿಸಬೇಕೆಂದು ಸಮಿತಿ ಒತ್ತಿ ಹೇಳಿತ್ತು. ಅನುಚಿತ ರಾಜಕೀಯ ಒತ್ತಡವನ್ನು ತಡೆಯುವ ಭದ್ರತಾ ಆಯೋಗ, ಠಾಣಾಧಿಕಾರಿಗೂ ಎರಡು ವರ್ಷಗಳ ಖಚಿತ ಅವಧಿ, ತನಿಖೆಗೂ ಕಾನೂನು ಸುವ್ಯವಸ್ಥೆಗೂ ಪ್ರತ್ಯೇಕ ಸಿಬ್ಬಂದಿ, ವರ್ಗಾವಣೆಗೆ ಇಲಾಖೆಯದೇ ಮಂಡಳಿ, ಪೊಲೀಸರ ವಿರುದ್ಧದ ದೂರುಗಳಿಗೆ ಪ್ರಾಧಿಕಾರ ಇವೇ ಮೊದಲಾದವು ಆ ನಿರ್ದೇಶನಗಳು. ಪೊಲೀಸ್ ವ್ಯವಸ್ಥೆಯು ಸಂವಿಧಾನದ ಪ್ರಕಾರ ರಾಜ್ಯಗಳ ವಿಷಯವೆಂಬುದು ನಿಜ. ಆದರೆ ದೆಹಲಿ ಕೇಂದ್ರದ ಕೈಯಲ್ಲಿಯೇ ಇತ್ತು. ಅಲ್ಲಿ ಮಾಡಿ ತೋರಿಸಿದ್ದರೆ ರಾಜ್ಯಗಳಿಗೆ ಅದೊಂದು ಮೇಲ್ಪಂಕ್ತಿಯಾಗುತ್ತಿತ್ತು. ದೆಹಲಿಗೆ ಹೊಸ ಪೊಲೀಸ್ ಕಾಯ್ದೆ ಬರಲಿಲ್ಲ; 1978ರ ಕಾಯ್ದೆಯೇ ಮುಂದುವರಿಯಿತು. ಶಿಕ್ಷೆಯನ್ನು ಕಠಿಣಗೊಳಿಸುವುದು ಸರಕಾರಗಳಿಗೆ ಸುಲಭ, ತಮ್ಮ ಹಿಡಿತವನ್ನು ಸಡಿಲಿಸುವುದು ಕಷ್ಟ.

ಆ ಅವಧಿಯಲ್ಲಿ ಠಾಣೆ ಮತ್ತು ಸೆರೆಮನೆಗಳ ನಡವಳಿಕೆಯನ್ನು ತಿದ್ದಿದ ಬೇರೆ ಎರಡು ಮುಖ್ಯ ಹೆಜ್ಜೆಗಳು ಬಂದದ್ದು ಸಚಿವಾಲಯದಿಂದಲ್ಲ, ನ್ಯಾಯಪೀಠದಿಂದ. ಗಂಭೀರ ಅಪರಾಧದ ಮಾಹಿತಿ ಬಂದರೆ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸುವುದು ಕಡ್ಡಾಯವೆಂದು 2013ರ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೇ ಸಾರಬೇಕಾಯಿತು. ಅದೇ ವರ್ಷದ ಫೆಬ್ರವರಿ 9ರಂದು ತಿಹಾರ್ ಕಾರಾಗೃಹದಲ್ಲಿ ಅಫ್ಜಲ್ ಗುರುವನ್ನು ಗಲ್ಲಿಗೇರಿಸಿದಾಗ, ಕುಟುಂಬಕ್ಕೆ ಕಳುಹಿಸಿದ ಸ್ಪೀಡ್ ಪೋಸ್ಟ್ ಪತ್ರ ತಲುಪಿದ್ದು ಶಿಕ್ಷೆ ಜಾರಿಯಾದ ಎರಡು ದಿನಗಳ ನಂತರ. ಸಂಸತ್ ಭವನದ ಮೇಲಿನ ದಾಳಿ ಘೋರ ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೂ ಸಾವಿನ ಸುದ್ದಿಯನ್ನು ಮನೆಯವರಿಗೆ ಸಕಾಲದಲ್ಲಿ ತಿಳಿಸುವುದು ರಾಜ್ಯಶಕ್ತಿಗೆ ಶೋಭೆ ತರುವ ನಡೆ. ಕ್ಷಮಾದಾನ ತಿರಸ್ಕೃತವಾದ ಬಳಿಕ ಹದಿನಾಲ್ಕು ದಿನಗಳ ಅಂತರವಿರಬೇಕು, ಕುಟುಂಬಕ್ಕೆ ತಿಳಿಸಿ ಕೊನೆಯ ಭೇಟಿಗೆ ಅವಕಾಶ ಕೊಡಬೇಕು ಎಂದು 2014ರ ಜನವರಿಯಲ್ಲಿ ನ್ಯಾಯಾಲಯ ವಿಧಿಸಿತು.

ಮಾತಿನ ವಿಷಯದಲ್ಲಿಯೂ ಹೀಗೆಯೇ. ಪುರಾವೆಯಿಲ್ಲದೆ ಆರೋಪಪಟ್ಟಿ ಸಲ್ಲಿಸಲಾಗದೆಂಬುದು ಯಾವ ಫೌಜದಾರನಿಗೂ ತಿಳಿದ ಸಂಗತಿ. ಆದರೆ 2013ರ ಜನವರಿಯಲ್ಲಿ ಜೈಪುರದ ಪಕ್ಷದ ಅಧಿವೇಶನದಲ್ಲಿ ಭಯೋತ್ಪಾದನೆಯನ್ನು ಒಂದು ಧರ್ಮದ ಹೆಸರಿನೊಂದಿಗೆ ಜೋಡಿಸಿ ಆಡಿದ ಮಾತಿಗೆ ಅವರು ಮುಂದಿನ ತಿಂಗಳು ವಿಷಾದ ವ್ಯಕ್ತಪಡಿಸಬೇಕಾಯಿತು. ಯಾವ ಧರ್ಮದ ಹೆಸರಿಗೇ ಆಗಲಿ ಅಂಥ ಅಂಟು ಹಚ್ಚುವುದು ಗೃಹಸಚಿವರಾದವರಿಗೆ ಸಲ್ಲದು.

ಶಿಂಧೆಯವರಿಗೆ ಸಿಕ್ಕಿದ್ದು ಇಪ್ಪತ್ತೆರಡು ತಿಂಗಳು ಮಾತ್ರ ಎಂಬುದನ್ನು ನ್ಯಾಯವಾಗಿ ಪರಿಗಣಿಸಬೇಕು. ಸಮ್ಮಿಶ್ರ ಸರಕಾರದ ಕೊನೆಯ ದಿನಗಳವು. ಸಾಲದ್ದಕ್ಕೆ ತೆಲಂಗಾಣ ರಚನೆಯ ಬಿಸಿ. ಅವರ ಅನಂತರವೂ ಏಳು ನಿರ್ದೇಶನಗಳು ದೇಶದಲ್ಲಿ ಪೂರ್ಣವಾಗಿ ಪಾಲನೆಯಾಗಿಲ್ಲ. 2014ರಲ್ಲಿ ಸೊಲ್ಲಾಪುರದ ಮತದಾರರು ಅವರನ್ನು ಸುಮಾರು ಒಂದೂವರೆ ಲಕ್ಷ ಮತಗಳಿಂದ ಸೋಲಿಸಿದರು. 2019ರಲ್ಲಿ ಮತ್ತೆ ಸೋತದ್ದು ಗೌಡಗಾಂವದ ಮಠಾಧೀಶರಾದ ಶ್ರೀ ಜಯಸಿದ್ಧೇಶ್ವರ ಶಿವಾಚಾರ್ಯ ಸ್ವಾಮಿಗಳೆದುರು. 2024ರಲ್ಲಿ ಪುತ್ರಿ ಪ್ರಣಿತಿ ಶಿಂಧೆಯವರು ಆ ಕ್ಷೇತ್ರವನ್ನು ಮರಳಿ ಗೆದ್ದರು.

ಕೆಳಗಿನಿಂದ ಬಂದ ಒಬ್ಬರು ಮೇಲಿನ ಪೀಠದಲ್ಲಿ ಕುಳಿತರೆ ವ್ಯವಸ್ಥೆ ತಾನಾಗಿ ಮಾನವೀಯವಾಗುವುದೆಂಬ ನಂಬಿಕೆ ನಮ್ಮ ಸಮಾಜದಲ್ಲಿ ಆಳವಾಗಿದೆ. ನ್ಯಾಯಾಲಯದ ಕೆಳನೌಕರರೊಬ್ಬರು ಗೃಹಸಚಿವರಾಗುವುದು ಪ್ರಜಾಪ್ರಭುತ್ವದ ಹಿರಿಮೆ, ಅದು ಸಂಭ್ರಮಿಸತಕ್ಕದ್ದೇ. ಆದರೆ ವ್ಯಕ್ತಿಯ ಅನುಭವವು ನಿಯಮವಾಗಿ, ಆದೇಶವಾಗಿ ಠಾಣೆಗೆ ಇಳಿದು ಬರದಿದ್ದರೆ ಅದು ಆ ವ್ಯಕ್ತಿಯ ನೆನಪಾಗಿ ಮಾತ್ರ ಉಳಿಯುತ್ತದೆ. ಹೆಚ್ಚೆಂದರೆ ಆತ್ಮಕಥನದ ಒಂದು ಅಧ್ಯಾಯವಾಗುತ್ತದೆ.

ಪ್ರತಿ ವರ್ಷ ನಮ್ಮ ಮಠದ ಜಾತ್ರೆಗೆ ಬಂದೋಬಸ್ತಿಗೆಂದು ಬರುವ ಪೇದೆಗಳನ್ನು ಕಾಣುತ್ತೇನೆ. ತೇರು ಎಳೆದು ಮುಗಿದು, ಜನವೆಲ್ಲ ದಾಸೋಹದಲ್ಲಿ ಉಂಡೆದ್ದ ಮೇಲೆ, ರಾತ್ರಿ ಬಹಳ ಹೊತ್ತಾದ ಬಳಿಕ ಅವರು ಪಂಕ್ತಿಗೆ ಕೂಡುತ್ತಾರೆ. ಕಳೆದ ಬಾರಿ ಒಬ್ಬರನ್ನು, “ಬೆಳಗಿನಿಂದ ಎಷ್ಟು ತಾಸು ನಿಂತಿರಿ, ಅಣ್ಣಾ?” ಎಂದು ಕೇಳಿದೆ. “ಲೆಕ್ಕ ಇಟ್ಟಿಲ್ಲರೀ” ಎಂದು ನಕ್ಕರು. ಗೃಹಖಾತೆಯ ಪೀಠವನ್ನು ಏರುವವರು, ಯಾವ ಪಕ್ಷದವರೇ ಇರಲಿ, ಇಡಬೇಕಾದ ಮೊದಲ ಲೆಕ್ಕ ಅದು. ಎರಡನೆಯದು, ದೂರು ಹಿಡಿದು ಠಾಣೆಯ ಬಾಗಿಲಲ್ಲಿ ಕಾದವರ ಲೆಕ್ಕ.