ನೋವು ಬೆರಳಿನದು, ರೋಗ ಬೆರಳಿನದಲ್ಲ

“ಕೀಲುನೋವಿನಿಂದ ಸತ್ತವರು ಯಾರಾದರೂ ಇದ್ದಾರೇನಮ್ಮ?” ಮದುವೆ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಹೀಗೆ ಕೇಳಿದರು. ಊದಿದ ಬೆರಳುಗಳಲ್ಲಿ ಅನ್ನ ಕಲಸಲು ಹೆಣಗುತ್ತಿದ್ದ ಹೆಣ್ಣುಮಗಳಿಗೆ ಧೈರ್ಯ ತುಂಬುವ ಮಾತು ಅದು. ಮನಸ್ಸು ಒಳ್ಳೆಯದೇ, ಮಾತು ಮಾತ್ರ ಶುದ್ಧ ತಪ್ಪು. ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಿಗೆ ಹೃದ್ರೋಗದ ಅಪಾಯ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು. ಅವರ ಆಯುಸ್ಸನ್ನು ಮೊಟಕು ಮಾಡುವ ಕಾರಣಗಳಲ್ಲಿ ಅದೇ ಮುಂದು. ಕೀಲಿನ ಕಾಯಿಲೆ ಎದೆಗೆ ಇಳಿದದ್ದು ಹೇಗೆ ಎಂದು ಕೇಳುವುದೇ ಸರಿಯಲ್ಲ. ಅದು ಶುರುವಿನಿಂದಲೇ ಮೈಯೆಲ್ಲದರ ಕಾಯಿಲೆ.

ನೋವು ಎಲ್ಲಿದೆಯೋ ರೋಗವೂ ಅಲ್ಲೇ ಇದೆ ಎಂದು ನಾವು ನಂಬಿಬಿಟ್ಟಿದ್ದೇವೆ. ಕಾಲು ಉಳುಕಿದಾಗ ಈ ನಂಬಿಕೆ ಸರಿ. ವಯಸ್ಸಾದ ಮೇಲೆ ಸವೆದ ಮಂಡಿಯ ವಿಷಯದಲ್ಲೂ ಬಹುಮಟ್ಟಿಗೆ ಸರಿ. ರುಮಟಾಯ್ಡ್ ಆ ಜಾತಿಯದಲ್ಲ. ಇಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಾಂಶವನ್ನು ಹಗೆಯೆಂದು ಬಗೆಯುತ್ತದೆ. ಕೀಲುಗಳ ಒಳಪೊರೆ ಊದುತ್ತದೆ, ಪಕ್ಕದ ಮೂಳೆಯನ್ನು ಕೊರೆಯುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಇಷ್ಟೇ. ಆದರೆ ಆ ಉರಿಯೂತವನ್ನು ಹೊತ್ತಿಸುವ ಟಿಎನ್‌ಎಫ್, ಇಂಟರ್‌ಲ್ಯುಕಿನ್-6ರಂಥ ಪ್ರೋಟೀನುಗಳು ರಕ್ತದಲ್ಲಿ ಊರೆಲ್ಲ ಸುತ್ತುತ್ತವೆ. ಕಬ್ಬಿಣದ ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್, ಕಣ್ಣಿನ ಒಣಗು, ಗಟ್ಟಿಯಾಗುವ ಶ್ವಾಸಕೋಶ, ಟೊಳ್ಳಾಗುವ ಮೂಳೆ, ನಿದ್ದೆ ಮಾಡಿದರೂ ಇಳಿಯದ ಸುಸ್ತು, ಎಲ್ಲಕ್ಕೂ ಮೂಲ ಅಲ್ಲೇ ಇರಬಹುದು. ಇನ್ನೂ ಒಂದು ಸಂಗತಿ ನೋಡಿ. ಆಂಟಿ-ಸಿಸಿಪಿ ಎಂಬ ಪ್ರತಿಕಾಯ ಎಷ್ಟೋ ಜನರ ರಕ್ತದಲ್ಲಿ ಮೊದಲ ಬೆರಳು ಊದುವುದಕ್ಕೆ ವರ್ಷಗಳ ಮುಂಚೆಯೇ ಸಿಗುತ್ತದೆ. ಸಿಗರೇಟು ಸೇದುವವರಲ್ಲಿ, ವಸಡು ಕೆಟ್ಟವರಲ್ಲಿ ಈ ರೋಗ ಹೆಚ್ಚು. ಹಾಗಾಗಿ ಕಿಡಿ ಮೊದಲು ಶ್ವಾಸಕೋಶದಲ್ಲೋ ವಸಡಿನಲ್ಲೋ ಹೊತ್ತುತ್ತದೆ ಎಂಬುದು ಇಂದು ಗಂಭೀರವಾಗಿ ಪರಿಗಣಿಸುತ್ತಿರುವ ವಾದ. ಬೆರಳು ಇನ್ನೂ ನೆಟ್ಟಗಿದ್ದ ಕಾಲದಲ್ಲೇ ರೋಗ ಮನೆ ಮಾಡಿತ್ತು ಎಂದಾಯಿತು.

ಇದಕ್ಕೆ ನನಗೆ ಬಹಳ ಇಷ್ಟವಾದ ಸಾಕ್ಷಿ ಇಂದಿನ ಪ್ರಯೋಗಾಲಯದ್ದಲ್ಲ. 1929ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯ ಒಂದು ವಿಚಿತ್ರ ಕಂಡ. ಕೀಲೂತದಿಂದ ನರಳುತ್ತಿದ್ದ ರೋಗಿಯೊಬ್ಬರಿಗೆ ಕಾಮಾಲೆ ಬಂತು, ಕೀಲುನೋವು ಇಳಿಯಿತು. ಬೇರೆ ಯಾರಾದರೂ ಆಗಿದ್ದರೆ ಕಾಕತಾಳೀಯ ಎಂದು ಕೈ ಬಿಡುತ್ತಿದ್ದರು. ಹೆಂಚ್ ಬಿಡಲಿಲ್ಲ. ಅಂಥವೇ ಪ್ರಕರಣಗಳನ್ನು ಕೂಡಿಹಾಕುತ್ತ ಹೋದ. ಗರ್ಭಿಣಿಯರಲ್ಲೂ ಇದೇ ಕಥೆ: ಬಸುರಿನಲ್ಲಿ ನೋವು ಅಡಗುತ್ತಿತ್ತು, ಹೆರಿಗೆಯಾದ ಮೇಲೆ ಮರಳುತ್ತಿತ್ತು. ಪಿತ್ತಜನಕಾಂಗದ ತೊಂದರೆಯೂ ಗರ್ಭಕೋಶದ ಕೂಸೂ ಬೆರಳಿನ ಊತವನ್ನು ಇಳಿಸುತ್ತವೆ ಎಂದರೆ ಊತದ ಹಿಡಿತ ಬೆರಳಿನಲ್ಲಿಲ್ಲ ಎಂದು ತಾನೆ ಅರ್ಥ? ದೇಹವೇ ತಯಾರಿಸುವ ಯಾವುದೋ ಒಂದು ವಸ್ತು ಈ ಕೆಲಸ ಮಾಡುತ್ತಿದೆ ಎಂದು ಹೆಂಚ್ ಊಹಿಸಿ, ಅದನ್ನು ಹುಡುಕುತ್ತ ಸುಮಾರು 20 ವರ್ಷ ಕಳೆದ. ಕೊನೆಗೆ ಸಹೋದ್ಯೋಗಿ ಎಡ್ವರ್ಡ್ ಕೆಂಡಾಲ್ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ ಹಾರ್ಮೋನನ್ನು 1948ರ ಸೆಪ್ಟೆಂಬರಿನಲ್ಲಿ 29 ವರ್ಷದ ರೋಗಿಯೊಬ್ಬಳಿಗೆ ಚುಚ್ಚಿದರು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಒದ್ದಾಡುತ್ತಿದ್ದವಳು ವಾರದೊಳಗೆ ಪೇಟೆ ಸುತ್ತಿ ಬಂದಳು. ಆ ಹಾರ್ಮೋನೇ ಕಾರ್ಟಿಸೋನ್. 1950ರಲ್ಲಿ ನೊಬೆಲ್ ಬಂತು. ಅಷ್ಟರೊಳಗೆ ಅದರ ಇನ್ನೊಂದು ಮುಖವೂ ಕಾಣತೊಡಗಿತ್ತು: ಔಷಧಿ ನಿಲ್ಲಿಸಿದರೆ ನೋವು ಮತ್ತೆ ಹಾಜರು, ನಿಲ್ಲಿಸದಿದ್ದರೆ ಊದುವ ಮುಖ, ಏರುವ ಸಕ್ಕರೆ, ಸೊರಗುವ ಮೂಳೆ.

“ಇದು ಮೈಯೆಲ್ಲದರ ಕಾಯಿಲೆ ಎಂಬುದರಲ್ಲಿ ಹೊಸದೇನು, ನಮ್ಮವರಿಗೆ ಗೊತ್ತಿತ್ತು” ಎನ್ನುವವರಿದ್ದಾರೆ. ಇದನ್ನು ತಳ್ಳಿಹಾಕಲಾರೆ. ಮಾಧವಕರನ ‘ಮಾಧವನಿದಾನ’ ಎಂಬ ಹಳೆಯ ಆಯುರ್ವೇದ ಗ್ರಂಥ, ಕೀಲು ಹಿಡಿಯುವ ಆಮವಾತವನ್ನು ವರ್ಣಿಸುವಾಗ ಕೀಲಿನಲ್ಲಿ ನಿಲ್ಲುವುದಿಲ್ಲ. ಜ್ವರ, ಮೈಭಾರ, ಅರುಚಿ, ಆಲಸ್ಯ ಎಲ್ಲವನ್ನೂ ಸೇರಿಸುತ್ತದೆ. ಇಡೀ ಮೈಯನ್ನು ನೋಡಿದ ಕಣ್ಣು ಅದು. ನನ್ನ ಜಗಳ ಆ ಗ್ರಂಥದ ಜೊತೆಯಲ್ಲ, ಅದರ ಹೆಸರು ಹೇಳಿ ಮಂಡಿಗೆ ಎಣ್ಣೆ ಮಾತ್ರ ಮಾರುವವರ ಜೊತೆ. ಬದನೆಕಾಯಿ ಬಿಟ್ಟು ತಾಮ್ರದ ಕಡಗ ತೊಡಿ ಎನ್ನುವವರಿಗೆ ಉತ್ತರ ಕೊಡುವುದು ಹೊತ್ತು ಹಾಳು.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ರಾತ್ರಿಯಿಡೀ ನರಳಿದವಳಿಗೆ ಬೇಕಾದದ್ದು ಈ ಹೊತ್ತಿನ ಉಪಶಮನ. ಅವಳ ಮುಂದೆ ಉರಿಯೂತದ ಪಾಠ ಒಪ್ಪಿಸುವುದು ಕ್ರೌರ್ಯ. ನಿಜ, ನೋವಿನ ಮಾತ್ರೆ ಬೇಡ ಎಂದು ಯಾವ ಬುದ್ಧಿವಂತ ವೈದ್ಯರೂ ಹೇಳುವುದಿಲ್ಲ. ಆದರೆ ನೋವಿನ ಮಾತ್ರೆ ನೋವನ್ನಷ್ಟೇ ಅಡಗಿಸುತ್ತದೆ, ಮೂಳೆ ಕೊರೆಯುವುದನ್ನು ನಿಲ್ಲಿಸುವುದಿಲ್ಲ. ನೋವು ಹೋಯಿತಲ್ಲ ಎಂದು ಕೂತ ಎರಡು ವರ್ಷದಲ್ಲಿ ಬೆರಳು ಸೊಟ್ಟಗಾಗಿರಬಹುದು, ಸೊಟ್ಟಗಾದದ್ದು ಮತ್ತೆ ನೆಟ್ಟಗಾಗದು. ಪೊಟ್ಟಣದಲ್ಲಿ ಬರುವ ಹೆಸರಿಲ್ಲದ ಪುಡಿಗಳು ಇನ್ನೂ ಮೋಸ. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಎಷ್ಟೋ ಸಲ ಬಯಲಾಗಿದೆ. ಹೆಂಚ್‌ನ ರೋಗಿಗೆ ಲೆಕ್ಕ ಹಾಕಿ ಕೊಟ್ಟದ್ದನ್ನು ಇಲ್ಲಿ ಲೆಕ್ಕವಿಲ್ಲದೆ ತಿನ್ನಿಸುತ್ತಾರೆ. ಮುಖ ದುಂಡಗಾದರೆ “ಮೈ ಹಿಡಿಯಿತು ನೋಡಿ” ಎಂದು ಅದಕ್ಕೂ ಹೊಗಳಿಕೆ!

ರೋಗವನ್ನೇ ತಡೆಯುವ ಔಷಧಿಯ ಬಗ್ಗೆ “ಅದು ಕ್ಯಾನ್ಸರ್ ಮಾತ್ರೆಯಂತೆ” ಎಂಬ ಭಯವೂ ಸುಳ್ಳಲ್ಲ. ಇಂದು ಈ ರೋಗದ ಚಿಕಿತ್ಸೆಗೆ ತಳಪಾಯವಾಗಿರುವ ಮೆಥೊಟ್ರೆಕ್ಸೇಟ್ ಹುಟ್ಟಿದ್ದು ಭೀಮವರಂನ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಡೆಸುತ್ತಿದ್ದ ಸಂಶೋಧನೆಯಿಂದ. ಅದೇ ಕುಲದ ಔಷಧಿಯನ್ನು ಮೊದಲು ಪ್ರಯೋಗಿಸಿದ್ದು ಮಕ್ಕಳ ರಕ್ತಕ್ಯಾನ್ಸರಿಗೆ. ಅಮೆರಿಕದಲ್ಲಿ ರುಮಟಾಯ್ಡ್‌ಗೆ ಅಧಿಕೃತ ಒಪ್ಪಿಗೆ ಸಿಗಲು 1988 ಆಯಿತು. ಆದರೆ ಪ್ರಮಾಣ ನೋಡಿ: ಇಲ್ಲಿ ವಾರಕ್ಕೆ ಒಂದೇ ಸಲ, ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಂ. ಕೆಲವು ಕ್ಯಾನ್ಸರುಗಳಿಗೆ ಕೊಡುವುದು ಅದರ ನೂರಾರು ಪಟ್ಟು. ಎಚ್ಚರಿಕೆ ಬೇಕೇ ಬೇಕು. ವಾರದ ಮಾತ್ರೆಯನ್ನು ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಬಸುರಿಯರು ಮುಟ್ಟುವಂತಿಲ್ಲ, ಮದ್ಯ ಕೂಡದು, ರಕ್ತ ಮತ್ತು ಪಿತ್ತಜನಕಾಂಗದ ಪರೀಕ್ಷೆ ತಪ್ಪಿಸುವಂತಿಲ್ಲ. ಔಷಧಿಯ ಅಪಾಯವನ್ನು ಹೀಗೆ ಅಳೆಯಬಹುದು, ಕಾಯಬಹುದು. ಚಿಕಿತ್ಸೆಯಿಲ್ಲದ ರೋಗದ ಅಪಾಯವನ್ನು ಕಾಯುವವರು ಯಾರು?

ಗಂಡಸರಿಗಿಂತ ಹೆಂಗಸರಲ್ಲಿ ಈ ರೋಗ ಎರಡು ಮೂರು ಪಟ್ಟು ಹೆಚ್ಚು. ಅದನ್ನು ‘ಬರೀ ಕೀಲುನೋವು’ ಎಂದು ಉಳಿಸಿಕೊಂಡಿರುವುದಕ್ಕೆ ಇದೂ ಒಂದು ಕಾರಣ ಎಂಬುದು ನನ್ನ ಗಟ್ಟಿ ಅನುಮಾನ. ಬೆಳಗ್ಗೆ ಎದ್ದು ಎರಡು ಗಂಟೆ ಕೈ ಮಡಚಲಾಗದವಳು ಮಧ್ಯಾಹ್ನಕ್ಕೆ ಓಡಾಡುತ್ತಾಳೆ. ಆದ್ದರಿಂದ ಬೆಳಗಿನದು ಸೋಮಾರಿತನ! ಮುದ್ದೆ ತೊಳಸುವ ಕೈಗೆ, ಬಟ್ಟೆ ಹಿಂಡುವ ಕೈಗೆ ನೋವು ಸಹಜ ಎಂದು ಮನೆಯವರೂ ಹೇಳುತ್ತಾರೆ, ಅವಳೂ ಹೇಳಿಕೊಳ್ಳುತ್ತಾಳೆ. 2006ರ ಚಿಕೂನ್‌ಗುನ್ಯಾ ಹಾವಳಿಯ ನಂತರ ನಮ್ಮಲ್ಲಿ ಇನ್ನೊಂದು ನೆಪ ಸಿಕ್ಕಿತು. ಆ ಜ್ವರ ತಿಂಗಳುಗಟ್ಟಲೆ ಕೀಲು ಹಿಡಿಯುವುದು ನಿಜವೇ, ಆದರೆ ಎಲ್ಲ ಕೀಲೂತವನ್ನೂ ಅದರ ಲೆಕ್ಕಕ್ಕೆ ಬರೆದು ಕಾಯುತ್ತ ಕೂತದ್ದು ಅನ್ಯಾಯ. ಮೊದಲ ಕೆಲವು ತಿಂಗಳಲ್ಲಿ ಚಿಕಿತ್ಸೆ ಶುರುವಾದರೆ ಮೂಳೆ ಉಳಿಯುವ ಸಂಭವ ಬಹಳ ಹೆಚ್ಚು, ಆ ತಿಂಗಳುಗಳನ್ನೇ ನಾವು ಮುಲಾಮು ಹಚ್ಚುತ್ತ ಕಳೆಯುತ್ತೇವೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡೂ ಕೈಯ ಬೆರಳಿನ ಗಿಣ್ಣುಗಳು ಊದಿ, ಬೆಳಗಿನ ಬಿಗಿತ ಗಂಟೆ ಮೀರುತ್ತಿದ್ದು, ಹೀಗಾಗಿ ಆರು ವಾರ ದಾಟಿದ್ದರೆ ಮೂಳೆ ಡಾಕ್ಟರ ಹತ್ತಿರ ಎಕ್ಸ್‌ರೇ ತೆಗೆಸಿ ಸುಮ್ಮನಾಗಬೇಡಿ, ಶುರುವಿನಲ್ಲಿ ಎಕ್ಸ್‌ರೇ ಏನನ್ನೂ ತೋರಿಸದಿರಬಹುದು. ರುಮಟಾಲಜಿಸ್ಟ್ ಇರುವ ಊರು ದೂರವಾದರೂ ಒಂದು ಸಲ ಕರೆದುಕೊಂಡು ಹೋಗಿ.