ಕುರಿಂಜಿ ಗುಡ್ಡದಲ್ಲೇ ಇರಬೇಕೆ, ತೋಟಕ್ಕೂ ಇಳಿಯಬೇಕೆ?

2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಗಿರಿಶ್ರೇಣಿಯಲ್ಲಿ ನೀಲಕುರಿಂಜಿ ಅರಳಿದಾಗ ನೋಡಬಂದವರ ಪೈಕಿ ಕೆಲವರಿಗಾದರೂ, ಒಂದು ಗಿಡ ತಮ್ಮ ಅಂಗಳದಲ್ಲೂ ಇರಲಿ ಎನ್ನಿಸಿದ್ದರೆ ಅಚ್ಚರಿಯಿಲ್ಲ. ಅದೇ ವರ್ಷದ ತಿದ್ದುಪಡಿಯು ಈ ಪೊದೆಯನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂರನೇ ಅನುಸೂಚಿಗೆ ಸೇರಿಸಿತು. ಈಗ ಅದನ್ನು ಕಾಡಿನಿಂದ ಕೀಳುವಂತಿಲ್ಲ, ಪರವಾನಗಿಯಿಲ್ಲದೆ ಬೆಳೆಸುವಂತೆಯೂ ಇಲ್ಲ. ಮೊದಲನೆಯದಕ್ಕೆ ಹೆಚ್ಚಿನ ತಕರಾರು ಏಳಲಾರದು. ವಾದಕ್ಕೆ ಎಡೆಯಿರುವುದು ಎರಡನೆಯದರಲ್ಲಿ.

ಬೆಳೆಸಬೇಕೆನ್ನುವವರ ಕೈಯಲ್ಲಿ ಬಲವಾದ ನಿದರ್ಶನವೊಂದಿದೆ. ಅಮೆರಿಕದ ಜಾರ್ಜಿಯಾದಲ್ಲಿ ಜಾನ್ ಮತ್ತು ವಿಲಿಯಂ ಬಾರ್ಟ್ರಂ 1765ರಲ್ಲಿ ಕಂಡ ಫ್ರಾಂಕ್ಲಿನಿಯಾ ಎಂಬ ಬಿಳಿಹೂವಿನ ಗಿಡ 1803ರ ನಂತರ ಕಾಡಿನಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ. ಇಂದು ಅದು ಉಳಿದಿರುವುದು ಬಾರ್ಟ್ರಂ ತಂದು ಬಿತ್ತಿದ ಬೀಜಗಳ ಸಂತತಿಯಾಗಿ, ತೋಟಗಳಲ್ಲಿ ಮಾತ್ರ. ಪರವಾನಗಿ ಪಡೆದ ಸಸಿ ಸುಲಭವಾಗಿ ಸಿಕ್ಕರೆ ಕದ್ದು ಕೀಳುವವರೂ ಕಡಿಮೆಯಾದಾರು ಎಂಬ ವಾದವನ್ನೂ ತಳ್ಳಿಹಾಕುವಂತಿಲ್ಲ.

ಆದರೆ ಕುರಿಂಜಿಯ ಬದುಕಿನ ಕ್ರಮವೇ ಬೇರೆ. ಹನ್ನೆರಡು ವರ್ಷ ಹಸಿರಾಗಿಯೇ ಕಾದು, ಗುಡ್ಡಕ್ಕೆ ಗುಡ್ಡವೇ ಒಟ್ಟಿಗೆ ಹೂಬಿಟ್ಟು, ಬೀಜ ಕಟ್ಟಿ ಸಾಯುವ ಗಿಡವದು. ಬೀಜ ತಿನ್ನುವ ಜೀವಿಗಳು ಎಷ್ಟು ತಿಂದರೂ ಮಿಗುವಷ್ಟು ಬೀಜ ಒಮ್ಮೆಗೇ ಸುರಿಯುವುದರಲ್ಲಿ ಅದರ ಉಳಿವಿದೆ ಎಂಬುದು ಒಂದು ವಿವರಣೆ. ಅಂಗಳದ ನಾಲ್ಕು ಗಿಡಗಳಿಗೆ ಆ ಬಲವೆಲ್ಲಿಯದು? ಎತ್ತರದ ತಂಪಿಗೆ ಒಗ್ಗಿದ ಪೊದೆ ಬೆಂಗಳೂರಿನ ಕುಂಡದಲ್ಲಿ ಸೊರಗಿದರೆ, ಅದಕ್ಕಾಗಿ ಗುಡ್ಡದಿಂದ ತಂದ ಬೀಜವೂ ನಷ್ಟವೇ. ಇದಕ್ಕೂ ಗಂಭೀರವಾದ ಆತಂಕವೊಂದಿದೆ: ತೋಟದಲ್ಲಿ ಗಿಡ ಸುರಕ್ಷಿತವಾಗಿದೆ ಎಂದಾದರೆ ಅದರ ನೆಲೆಯಾದ ಗುಡ್ಡದ ಹುಲ್ಲುಗಾವಲನ್ನು ಬಿಟ್ಟುಕೊಡುವುದು ಸುಲಭವಾಗುತ್ತದೆ.

ಹಾಗೆಂದು ಹುಲ್ಲುಗಾವಲನ್ನು ಅದರ ಪಾಡಿಗೆ ಬಿಟ್ಟರೆ ಸಾಕೆ? ಚಹಾ ತೋಟ, ನೀಲಗಿರಿ, ಅಕೇಶಿಯಾಗಳು ಪಶ್ಚಿಮ ಘಟ್ಟದ ಎತ್ತರದ ಬಯಲುಗಳನ್ನು ಆಗಲೇ ಬಹಳಷ್ಟು ನುಂಗಿವೆ. ಕೇರಳ 2006ರಲ್ಲಿ ಕುರಿಂಜಿಮಲೆ ಅಭಯಾರಣ್ಯವನ್ನು ಘೋಷಿಸಿತು. ಅದರ ಗಡಿಯ ಜಗಳ ವರ್ಷಗಟ್ಟಲೆ ಎಳೆಯಿತು. ಅಲ್ಲಿ ನೆಲೆಸಿದ ಕೃಷಿಕರ ಅಳಲನ್ನೂ ಹಗುರವಾಗಿ ಕಾಣಲಾಗದು. ಅಂದಮೇಲೆ ಘೋಷಣೆಯೊಂದೇ ರಕ್ಷಣೆಯಲ್ಲ.

ಎರಡೂ ಕಡೆಯ ಮಾತು ಕೇಳಿದ ಮೇಲೆ, ಮನೆಯಂಗಳಕ್ಕೆ ಸದ್ಯಕ್ಕೆ ಬೇಡವೆನ್ನುವುದೇ ಲೇಸೆಂದು ತೋರುತ್ತದೆ. ಪರವಾನಗಿಯ ಬಾಗಿಲನ್ನು ಮಾತ್ರ ಪೂರ್ತಿ ಮುಚ್ಚಬೇಕಿಲ್ಲ. ಅದೇ ಬೆಟ್ಟದ ಬೀಜದಿಂದ, ಅದೇ ಎತ್ತರದ ನರ್ಸರಿಗಳಲ್ಲಿ, ಅರಣ್ಯ ಇಲಾಖೆಯ ಮೇಲ್ವಿಚಾರಣೆಯಲ್ಲಿ ಸಸಿ ಬೆಳೆಸಬಹುದು. ಅಕೇಶಿಯಾ ಕಿತ್ತು ತೆರವಾದ ಜಾಗದಲ್ಲಿ ಅವನ್ನು ನೆಡಬಹುದು. ಫಲ ತಿಳಿಯಲು ಒಂದಿಡೀ ಹೂಚಕ್ರ ಬೇಕಾದೀತು. ಅಂಗಳದ ಪ್ರಶ್ನೆಯನ್ನು ಆಮೇಲೆ ಮತ್ತೆ ಎತ್ತಿದರೂ ತಡವಾಗದು.