ಒಡ್ಡಿನ ಮೇಲಿನ ರಿಕ್ಸಿಯಾ

ಮುಂಗಾರು ನಾಲ್ಕಾರು ದಿನ ಹಿಡಿದು ಸುರಿದು, ಕೊಂಚ ಹೊಳವಾದಾಗ ಹೊಲದ ಒಡ್ಡಿನ ಬಳಿಯೋ ಹಿತ್ತಲಿನ ತೇವದ ನೆಲದ ಬಳಿಯೋ ಕುಕ್ಕರಗಾಲಿನಲ್ಲಿ ಕುಳಿತು ನೋಡಿರಿ. ನಾಣ್ಯದಷ್ಟು ಅಗಲದ, ನೆಲಕ್ಕೆ ಅಂಟಿಕೊಂಡ ಹಸಿರು ಬಿಲ್ಲೆಗಳು ಕಂಡಾವು. ದೊಡ್ಡವರನ್ನು ಕೇಳಿದರೆ ‘ಹಾವಸೆ’ ಎಂದು ಹೇಳಿ ಮುಂದೆ ಹೋಗುತ್ತಾರೆ. ಅದು ಹಾವಸೆಯಲ್ಲ, ರಿಕ್ಸಿಯಾ. ಲಿವರ್‌ವರ್ಟ್ ಎಂಬ ಸಸ್ಯಗುಂಪಿಗೆ ಸೇರಿದ್ದು. ಈ ಗುಂಪಿನ ಕೆಲವು ಸಸ್ಯಗಳ ಆಕಾರ ಪಿತ್ತಜನಕಾಂಗವನ್ನು ಹೋಲುವುದರಿಂದ, ಆ ಅಂಗದ ಕಾಯಿಲೆಗೆ ಅವೇ ಮದ್ದೆಂದು ಯುರೋಪಿನ ಹಳೆಯ ವೈದ್ಯರು ನಂಬಿದ್ದರು. ನಂಬಿಕೆ ಹೋಯಿತು, ಹೆಸರು ಉಳಿಯಿತು.

ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಲಿವರ್‌ವರ್ಟ್ ಎಂದರೆ ಮಾರ್ಕಾನ್ಷಿಯಾದ ಚಿತ್ರ. ಅದರ ಕೊಡೆಯಂಥ ಕಡ್ಡಿಗಳನ್ನು ಅಂದವಾಗಿ ಬರೆದು ಭಾಗಗಳನ್ನು ಗುರುತಿಸಿದರೆ ಅಂಕ ಸಿಗುತ್ತವೆ. ಗಿಡವನ್ನು ಕಂಡಿರಲೇಬೇಕೆಂದೇನೂ ಇಲ್ಲ! ರಿಕ್ಸಿಯಾ ಹಾಗಲ್ಲ. ಬಯಲುಸೀಮೆಯ ಮಕ್ಕಳು ಮಳೆಗಾಲದಲ್ಲಿ ಚಪ್ಪಲಿ ಕೆಸರು ಮಾಡಿಕೊಂಡರೆ ಸಾಕು.

ಇದಕ್ಕೆ ಬೇರಿಲ್ಲ, ಕಾಂಡವಿಲ್ಲ, ಎಲೆಯಿಲ್ಲ. ಇರುವುದು ಕೆಲವೇ ಮಿಲಿಮೀಟರ್ ಅಗಲದ ಚಪ್ಪಟೆ ಪಟ್ಟಿ. ಅದನ್ನು ಸಸ್ಯಕಾಯ ಎನ್ನುತ್ತಾರೆ. ಅಡಿಯಲ್ಲಿ ಕೂದಲಿನಂಥ ಎಳೆಗಳು ಮಣ್ಣನ್ನು ಹಿಡಿದಿರುತ್ತವೆ. ಪಟ್ಟಿಯ ತುದಿ ಬೆಳೆಯುತ್ತ ಎರಡಾಗಿ ಕವಲೊಡೆಯುತ್ತದೆ, ಆ ಎರಡೂ ಮತ್ತೆ ಎರಡೆರಡಾಗುತ್ತವೆ. ಕವಲುಗಳು ಒತ್ತಾಗಿ ಹರಡಿದ್ದರಿಂದಲೇ ಬಿಲ್ಲೆಯ ಆಕಾರ. ಮುಂದಿನ ತುದಿ ಬೆಳೆಯುತ್ತಿರುವಾಗ ಹಿಂದಿನ ಹಳೆಯ ಭಾಗ ಕೊಳೆಯುತ್ತ ಬರುತ್ತದೆ. ಆ ಕೊಳೆತ ಕವಲಿನ ಬುಡ ಮುಟ್ಟಿತೋ, ಒಂದಿದ್ದ ಗಿಡ ಎರಡಾಯಿತು. ಅಣ್ಣತಮ್ಮಂದಿರು ಬೇರೆಯಾದಂತೆ, ಆದರೆ ಜಗಳವಿಲ್ಲದೆ.

ಪ್ರತಿ ಪಟ್ಟಿಯ ನಡುವೆ ಒಂದು ಗೆರೆಯಂಥ ತಗ್ಗಿದೆ. ಗಂಡು, ಹೆಣ್ಣು ಅಂಗಗಳು ಅಲ್ಲಿ ಹುದುಗಿರುತ್ತವೆ. ಗಂಡು ಕಣಕ್ಕೆ ಎರಡು ಬಾಲ. ಅದು ಈಜಿಯೇ ಅಂಡವನ್ನು ಸೇರಬೇಕು. ಮೈಮೇಲೆ ನೀರಿನ ತೆಳುಪದರವಾದರೂ ಇರದಿದ್ದರೆ ಬೀಜಕಗಳಿಲ್ಲ. ನೀರು ಸಿಕ್ಕು ಬೀಜಕಗಳಾದರೂ ಅವುಗಳ ಗೋಳ ತಾಯಿಗಿಡದ ಒಡಲಲ್ಲೇ ಉಳಿಯುತ್ತದೆ. ಮಾರ್ಕಾನ್ಷಿಯಾದಲ್ಲಿರುವಂತೆ ಬೀಜಕಗಳನ್ನು ಚೆದುರಿಸಲು ನೆರವಾಗುವ ಸುರುಳಿ ಎಳೆಗಳು ಇಲ್ಲಿಲ್ಲ. ತಾಯಿ ಒಣಗಿ, ಕೊಳೆತು ಮಣ್ಣಾದ ಮೇಲೆಯೇ ಅವಕ್ಕೆ ಬಿಡುಗಡೆ. ಆಮೇಲೆ ಧೂಳಿನಲ್ಲಿ ಮುಂದಿನ ಮಳೆಗೆ ಕಾಯುವುದು.

ಹೀಗಾಗಿ ಎಷ್ಟು ದಿನ ನೆಲ ಹಸಿಯಾಗಿರುತ್ತದೆ ಎಂಬುದೇ ಇದರ ಅಳಿವು ಉಳಿವಿನ ಪ್ರಶ್ನೆ. ಕಿತ್ತೂರು ಮಲೆನಾಡಿನ ಸೆರಗಿನಲ್ಲಿದೆ. ಅಲ್ಲಿಂದ ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗ ಮುಟ್ಟುವಷ್ಟರಲ್ಲಿ ಮಳೆ ಬಹಳ ಕಡಿಮೆಯಾಗುತ್ತದೆ. ನಾಲ್ಕೂ ಊರಿನ ವಿದ್ಯಾರ್ಥಿಗಳು ಈ ಗಿಡ ಮೊದಲು ಕಂಡ ದಿನ, ಒಣಗಿದ ದಿನ ಬರೆದಿಟ್ಟು ಹೋಲಿಸಿ ನೋಡಲಿ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ಸಿಗಲಾರದು.

ಇನ್ನೊಂದು ಕೆಲಸ. ಮಣ್ಣಿನ ಸಮೇತ ಒಂದು ಬಿಲ್ಲೆಯನ್ನು ಬಸಿಯಲ್ಲಿಟ್ಟು ಹದಿನೈದು ದಿನ ಒಣಗಲು ಬಿಡಿ. ಸತ್ತಿತೆಂದು ತಾಯಂದಿರು ಅದನ್ನು ತಿಪ್ಪೆಗೆ ಹಾಕಬಾರದು. ನೀರು ಚಿಮುಕಿಸಿ ಕಾಯಿರಿ. ಹಿಂಭಾಗ ಸತ್ತಿದ್ದರೂ ತುದಿಗಳಲ್ಲಿ ಜೀವ ಉಳಿದಿರಬಹುದು. ಹಸಿರು ಮತ್ತೆ ಕಂಡರೆ ಆ ದಿನವನ್ನೂ ಬರೆದಿಡಿ.